ಕಬಡ್ಡಿ ಅಂಪೈರ್ ಸೀಟಿ ಹೊಡೆದಾಗ ಏನು ನೋಡಿರ್ತಾರೆ? ಫೌಲ್ ಲೆಕ್ಕ ನಾವು ಅಂದ್ಕೊಂಡಷ್ಟು ಸರಳ ಅಲ್ಲ

ತುಬಚಿ (ಜಮಖಂಡಿ): ಜಾತ್ರೆ ಇರಲಿ, ಉರುಸು ಇರಲಿ, ಗಣಪತಿ ಹಬ್ಬ ಇರಲಿ, ನಮ್ಮ ಭಾಗದ ಊರುಗಳಲ್ಲಿ ಹೊನಲು ಬೆಳಕಿನ ಕಬಡ್ಡಿ ಇಲ್ಲದಿದ್ದರೆ ಮಂದಿಗೆ ಸಮಾಧಾನ ಇಲ್ಲ. ಮೊದಲ ಬಹುಮಾನ ಯಾರೋ ಮುಖಂಡರದ್ದು, ಎರಡನೇದು ಗೊಬ್ಬರದ ಅಂಗಡಿಯವರದ್ದು, ಮೂರನೇದು ಕಿರಾಣಿ ಅಂಗಡಿಯವರದ್ದು, ಶೀಲ್ಡ್ ಮತ್ತೊಬ್ಬರದ್ದು. ಮೊದಲ ಸುತ್ತುಗಳು ಸುರಳೀತ ಮುಗಿಯುತ್ತವೆ. ಸೆಮಿಫೈನಲ್ ಹೊತ್ತಿಗೆ, ನಡುರಾತ್ರಿ ದಾಟಿದ ಮೇಲೆ, ಒಂದು ಸೀಟಿ ಬೀಳುತ್ತದೆ. ಆ ಕಡೆಯಿಂದ "ಔಟ್ ಅಲ್ಲ ಅದು" ಅಂತ ಕೂಗು, ಈ ಕಡೆಯಿಂದ "ಅಂಪೈರ್ ರೊಕ್ಕಾ ತಿಂದಾನ" ಅಂತ ಕೂಗು. ಮೈಕಿನವರು ಎಲ್ಲರೂ ಶಾಂತ ರೀತಿಯಿಂದ ಸಹಕರಿಸಬೇಕು ಅಂತ ಹೇಳ್ತಾನೇ ಇರ್ತಾರೆ. ಕೆಲವು ಸಲ ಫೈನಲ್ ನಡೆಯೋದೇ ಇಲ್ಲ, ಬಹುಮಾನ ಎರಡೂ ತಂಡಕ್ಕೆ ಹಂಚಿ ಕಳಿಸಿಬಿಡ್ತಾರೆ.

ಇದರ ಪೆಟ್ಟು ಗೊತ್ತಾಗೋದು ಮುಂದಿನ ವರ್ಷ. ಸೀಟಿ ಹಿಡಿಯೋಕೆ ಬರ್ರಿ ಅಂತ ಕರೆದರೆ ಪಿಇ ಮಾಸ್ತರ್ರು ಏನಾದರೂ ನೆವ ಹೇಳ್ತಾರೆ. ಪಟ್ಟಿ ಕೊಡೋ ಅಂಗಡಿಯವರು, ಜಗಳಕ್ಕೆ ಯಾಕೆ ರೊಕ್ಕ ಕೊಡೋಣ ಅಂತಾರೆ. ಪಂದ್ಯಾವಳಿ ಅಲ್ಲಿಗೆ ನಿಂತಂಗೆ. ಹಂಗಾಗಿ ಅಂಪೈರ್ ಒಂದು ಸೀಟಿ ಊದೋ ಮುಂಚೆ ಏನೇನು ನೋಡಬೇಕಾಗುತ್ತದೆ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳೋದು ಇಲ್ಲಿನ ಉದ್ದೇಶ.

ಒಂದೇ ಕ್ಷಣ, ನಾಲ್ಕು ಕಡೆ ಕಣ್ಣು

ಮೊದಲು ಕೋರ್ಟಿನ ಲೆಕ್ಕ. ಪುರುಷರ ಕಬಡ್ಡಿ ಮೈದಾನ 13 ಮೀಟರ್ ಉದ್ದ, 10 ಮೀಟರ್ ಅಗಲ. ಮಧ್ಯದ ಗೆರೆಯಿಂದ 3.75 ಮೀಟರ್ ದೂರಕ್ಕೆ ಬಾಕ್ ಲೈನ್, ಅಲ್ಲಿಂದ ಇನ್ನೊಂದು ಮೀಟರಿಗೆ ಬೋನಸ್ ಗೆರೆ. ಎರಡೂ ಬದಿಗೆ ಒಂದೊಂದು ಮೀಟರಿನ ಲಾಬಿ. ಒಂದು ರೈಡಿಗೆ 30 ಸೆಕೆಂಡ್.

ಬೋನಸ್ ಪಾಯಿಂಟ್ ಒಂದನ್ನೇ ತಗೊಳ್ರಿ. ಎದುರಿಗೆ ಕನಿಷ್ಠ ಆರು ಜನ ಇರಬೇಕು. ರೈಡರ್‌ನ ಒಂದು ಕಾಲು ಬೋನಸ್ ಗೆರೆ ದಾಟಿ ನೆಲಕ್ಕೆ ಬಿದ್ದಾಗ ಹಿಂದಿನ ಕಾಲು ಗಾಳಿಯಲ್ಲಿರಬೇಕು. ಅಂದರೆ ಅಂಪೈರ್ ಮುಂದಿನ ಕಾಲನ್ನೂ ನೋಡಬೇಕು, ಹಿಂದಿನ ಕಾಲನ್ನೂ ನೋಡಬೇಕು. ಅದೇ ಹೊತ್ತಿಗೆ ಮೂಲೆಯಲ್ಲಿದ್ದವನು ಕಾಲಿಗೆ ಬಿದ್ದನಾ, ಬಿದ್ದವನ ಪಾದ ಗೆರೆಯ ಹೊರಗೆ ಹೋಯ್ತಾ ಅನ್ನೋದನ್ನೂ ನೋಡಬೇಕು. ಕಿವಿ ಮಾತ್ರ ರೈಡರ್‌ನ ಬಾಯಿ ಕಡೆಗೆ, "ಕಬಡ್ಡಿ ಕಬಡ್ಡಿ" ಅನ್ನೋದು ನಿಲ್ಲದೆ ಕೇಳಿಸ್ತಿದೆಯಾ ಅಂತ. ಹಲಗಿ, ಸೀಟಿ, ಧ್ವನಿವರ್ಧಕದ ನಡುವೆ ಆ ಉಸಿರು ಕೇಳಿಸಿಕೊಳ್ಳೋದು ಎಷ್ಟು ಕಷ್ಟ ಅಂತ ಮೈದಾನದ ಬದಿಗೆ ನಿಂತವರಿಗೇ ಗೊತ್ತು.

ನಿಯಮದ ಪುಸ್ತಕ ಇದಕ್ಕೆಲ್ಲ ಒಬ್ಬನೇ ಸಾಕು ಅಂತ ಹೇಳಿಲ್ಲ. ಒಬ್ಬ ರೆಫರಿ, ಎರಡೂ ಬದಿಗೆ ಒಬ್ಬೊಬ್ಬ ಅಂಪೈರ್, ಒಬ್ಬ ಸ್ಕೋರರ್, ಇಬ್ಬರು ಸಹಾಯಕ ಸ್ಕೋರರ್, ಒಟ್ಟು ಆರು ಜನ ಬೇಕು. ಮೈದಾನದಲ್ಲಿ ಸಾಮಾನ್ಯವಾಗಿ ಅಂಪೈರ್ ಮಾತೇ ಅಂತಿಮ. ಇಬ್ಬರು ಅಂಪೈರ್‌ಗಳಿಗೆ ಒಮ್ಮತ ಆಗದಿದ್ದರೆ ರೆಫರಿ ತೀರ್ಮಾನ ಹೇಳ್ತಾರೆ. ನಮ್ಮ ಊರ ಪಂದ್ಯಗಳಲ್ಲಿ ಎಷ್ಟೋ ಕಡೆ ಒಬ್ಬರೇ ಸೀಟಿ ಹಿಡಿದು ಆ ಬದಿಯಿಂದ ಈ ಬದಿಗೆ ಓಡಾಡ್ತಿರ್ತಾರೆ. ಆಮೇಲೆ ಅವರಿಗೇ ಬೈಗುಳ.

"ಬೇಕಂತಲೇ" ಅನ್ನೋ ಒಂದು ಮಾತು

ಔಟ್, ನಾಟೌಟ್ ಹೋಗಲಿ, ಫೌಲ್ ವಿಷಯ ಇನ್ನೂ ತೊಡಕಿನದ್ದು. ಕಬಡ್ಡಿಯಲ್ಲಿ ಹಿಡಿಯೋದೇ ಆಟ, ಹಿಡಿದಿದ್ದಕ್ಕೆ ಫೌಲ್ ಇಲ್ಲ. ಹೆಂಗೆ ಹಿಡಿದರು ಅನ್ನೋದು ಮುಖ್ಯ. ಕೈಕಾಲು ಮತ್ತು ಮೈ ಹಿಡಿಯಬಹುದು. ಬೇಕಂತಲೇ ಕೂದಲು, ಬಟ್ಟೆ ಹಿಡಿದು ಎಳೆಯೋ ಹಂಗಿಲ್ಲ. ಉಸಿರು ನಿಲ್ಲಿಸೋಕೆ ಬಾಯಿ ಮುಚ್ಚೋ ಹಂಗಿಲ್ಲ, ಕುತ್ತಿಗೆ ಅಮುಕೋ ಹಂಗಿಲ್ಲ, ಎರಡು ಕಾಲಿಂದ ಕತ್ತರಿ ಹಾಕೋ ಹಂಗಿಲ್ಲ. ಬೇಕಂತಲೇ ಗೆರೆಯಾಚೆ ದಬ್ಬಿದರೆ ರೈಡರ್ ಔಟ್ ಆಗೋದಿಲ್ಲ, ದಬ್ಬಿದವನೇ ಔಟ್. ಮೈಗೆ ಎಣ್ಣೆ ಹಚ್ಚಿಕೊಂಡು ಇಳಿಯಬಾರದು, ಉಗುರು ಕತ್ತರಿಸಿರಬೇಕು ಅಂತಲೂ ನಿಯಮ ಇದೆ. ತಪ್ಪಿನ ತೂಕ ನೋಡಿ ಹಸಿರು, ಹಳದಿ, ಕೆಂಪು ಕಾರ್ಡ್. ಹಳದಿ ಬಿದ್ದರೆ ಎರಡು ನಿಮಿಷ ಹೊರಗೆ, ಕೆಂಪು ಬಿದ್ದರೆ ಆ ಪಂದ್ಯ ಮುಗೀತು.

ಜಗಳಕ್ಕೆ ಮೂಲ "ಬೇಕಂತಲೇ" ಅನ್ನೋ ಆ ಒಂದು ಮಾತು. ನಾಲ್ಕು ಜನ ಒಬ್ಬನ ಮೇಲೆ ಬಿದ್ದಾಗ ಒಬ್ಬನ ಮೊಣಕೈ ರೈಡರ್ ಬಾಯಿಗೆ ಬಡಿಯಿತು ಅಂತ ಇಟ್ಕೊಳ್ರಿ. ಅದು ಉಸಿರು ಕಟ್ಟಿಸೋಕೆ ಮಾಡಿದ್ದಾ, ಬೀಳುವಾಗ ತಾನಾಗೇ ಆಗಿದ್ದಾ? ಇದನ್ನ ಅಳೆಯೋ ಟೇಪು ಯಾರ ಹತ್ತಿರವೂ ಇಲ್ಲ. ಹಿಡಿಯೋಕೆ ಬಂದವನ ಕಣ್ಣು ಎಲ್ಲಿತ್ತು, ಕೈ ಮೊದಲು ಎಲ್ಲಿ ಬಿತ್ತು, ಉಸಿರು ನಿಂತ ಮೇಲೂ ಕೈ ಅಲ್ಲೇ ಇತ್ತಾ ಅಂತ ನೋಡಿ ಅಂಪೈರ್ ಅರ್ಧ ಸೆಕೆಂಡಿನಲ್ಲಿ ನಿರ್ಧಾರ ಮಾಡಬೇಕು. ಇಬ್ಬರು ಒಳ್ಳೆ ಅಂಪೈರ್‌ಗಳು ಅದೇ ಹಿಡಿತಕ್ಕೆ ಎರಡು ಬೇರೆ ತೀರ್ಪು ಕೊಡಬಹುದು. ಇಬ್ಬರಲ್ಲಿ ಯಾರೂ ರೊಕ್ಕ ತಿಂದಿರೋದಿಲ್ಲ.

ಬ್ಯಾಸ್ಕೆಟ್‌ಬಾಲ್‌ನಲ್ಲಿ ಇದೇ ಪ್ರಶ್ನೆ ತಿರುವುಮುರುವಾಗಿ ಬರುತ್ತದೆ. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಅನ್ನೋ ಮಾಸ್ತರ್ ಆ ಆಟ ಹುಟ್ಟುಹಾಕಿದಾಗ ಬರೆದಿದ್ದು 13 ನಿಯಮ. ಭುಜ ತಾಗಿಸೋದು, ಹಿಡಿಯೋದು, ದಬ್ಬೋದು, ಕಾಲು ಅಡ್ಡ ಹಾಕೋದು, ಹೊಡೆಯೋದು ಎಲ್ಲ ನಿಷಿದ್ಧ. ಮುಟ್ಟದೆ ಆಡೋ ಆಟ ಅಂತ ಹುಟ್ಟಿದ್ದು. ಆದರೆ ಹತ್ತು ಜನ ಒಂದು ಬುಟ್ಟಿ ಕೆಳಗೆ ಸೇರಿದರೆ ಮೈ ತಾಗದೆ ಇರುತ್ತಾ? ಅದಕ್ಕೆ ಈಗಿನ ನಿಯಮದಲ್ಲಿ ಮೈ ತಾಗಿದ್ದೆಲ್ಲ ಫೌಲ್ ಅಲ್ಲ. ನಿಂತ ಆಟಗಾರನ ಸುತ್ತ ಕಣ್ಣಿಗೆ ಕಾಣದ ಒಂದು ಸಿಲಿಂಡರ್ ಇದೆ ಅಂತ ಲೆಕ್ಕ, ಅದು ಅವನ ಜಾಗ. ಯಾರು ಯಾರ ಜಾಗಕ್ಕೆ ನುಗ್ಗಿದರು, ಅದರಿಂದ ಎದುರಿನವನಿಗೆ ಅನ್ಯಾಯ ಆಯ್ತಾ ಅಂತ ರೆಫರಿ ನೋಡ್ತಾರೆ. ಅಂತರರಾಷ್ಟ್ರೀಯ ನಿಯಮದಲ್ಲಿ ಒಬ್ಬ ಆಟಗಾರನಿಗೆ ಐದು ಫೌಲ್ ಆದರೆ ಆಟದಿಂದ ಹೊರಗೆ. ಹಂಗಾಗಿ ಒಂದೊಂದು ಸೀಟಿಗೂ ಬೆಲೆ ಇದೆ.

ಅಲ್ಲಿನ ಎನ್‌ಬಿಎ ಲೀಗ್ 2015ರಿಂದ ಒಂದು ಪದ್ಧತಿ ಇಟ್ಟುಕೊಂಡಿದೆ. ತುರುಸಿನ ಪಂದ್ಯ ಇದ್ದರೆ ಕೊನೇ ಎರಡು ನಿಮಿಷದಲ್ಲಿ ರೆಫರಿಗಳು ಕೊಟ್ಟ ತೀರ್ಪು, ಊದದೇ ಬಿಟ್ಟ ಸೀಟಿ ಎಲ್ಲವನ್ನೂ ವಿಡಿಯೋದಲ್ಲಿ ನೋಡಿ, ಯಾವುದು ಸರಿ ಯಾವುದು ತಪ್ಪು ಅಂತ ಆಮೇಲೆ ಪ್ರಕಟ ಮಾಡ್ತಾರೆ. ತಪ್ಪು ಅಂತ ಬಂದರೂ ಪಂದ್ಯದ ಫಲಿತಾಂಶ ಬದಲಾಗೋದಿಲ್ಲ. ಕೋಟಿಗಟ್ಟಲೆ ರೊಕ್ಕ, ಹತ್ತಾರು ಕ್ಯಾಮೆರಾ ಇರೋ ಕಡೆಯೂ ತಪ್ಪು ಆಗ್ತವೆ ಅಂತ ಅವರೇ ಒಪ್ಕೊಂಡಂಗೆ ಆಯ್ತಲ್ಲ.

ಹಾಂಗ್‌ಝೌ ಫೈನಲ್‌ನಲ್ಲಿ ಆಗಿದ್ದೇನು

ನಮ್ಮೂರ ಗಲಾಟೆ ಏನೂ ಅಲ್ಲ ಅನ್ನಿಸೋಕೆ 2023ರ ಅಕ್ಟೋಬರ್ 7 ನೆನಪು ಮಾಡ್ಕೊಳ್ರಿ. ಚೀನಾದ ಹಾಂಗ್‌ಝೌ, ಏಷ್ಯನ್ ಗೇಮ್ಸ್ ಪುರುಷರ ಫೈನಲ್, ಭಾರತ ಮತ್ತು ಇರಾನ್. ಸ್ಕೋರ್ 28-28. ಒಂದು ನಿಮಿಷದ ಮೇಲೆ ಸ್ವಲ್ಪ ಸಮಯ ಉಳಿದಿತ್ತು. ರೈಡಿಗೆ ಹೋದವರು ನಾಯಕ ಪವನ್ ಸೆಹ್ರಾವತ್. 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ಪ್ರೊ ಕಬಡ್ಡಿ ಕಪ್ ಗೆದ್ದಾಗ ಫೈನಲ್‌ನಲ್ಲಿ 22 ಪಾಯಿಂಟ್ ತಂದ ಅದೇ ಪವನ್.

ಅವರು ಯಾರನ್ನೂ ಮುಟ್ಟದೆ ಲಾಬಿಗೆ ಕಾಲಿಟ್ಟರು. ಅವರ ಬೆನ್ನತ್ತಿ ಇರಾನಿನ ಡಿಫೆಂಡರ್‌ಗಳೂ ಲಾಬಿಗೆ ಇಳಿದರು. ಕಬಡ್ಡಿಯಲ್ಲಿ ಮುಟ್ಟಾಟ ಶುರುವಾಗೋ ತನಕ ಲಾಬಿ ಮೈದಾನದ ಲೆಕ್ಕಕ್ಕಿಲ್ಲ, ಕಾಲಿಟ್ಟವರು ಔಟ್. ಹಂಗಾದರೆ ಪವನ್ ಒಬ್ಬರೇ ಔಟಾ, ಹಿಂದೆ ಬಂದವರೂ ಔಟಾ? ಅಂತರರಾಷ್ಟ್ರೀಯ ಫೆಡರೇಷನ್ ನಿಯಮದ ಪ್ರಕಾರ ಎಲ್ಲರೂ ಔಟ್ ಅಂತ ಭಾರತದ ವಾದ. ಪ್ರೊ ಕಬಡ್ಡಿಯ ಹೊಸ ನಿಯಮದ ಪ್ರಕಾರ ರೈಡರ್ ಔಟಾದ ಕ್ಷಣಕ್ಕೆ ಆ ರೈಡ್ ಮುಗೀತು, ಆಮೇಲೆ ಇಳಿದವರು ಲೆಕ್ಕಕ್ಕಿಲ್ಲ ಅಂತ ಇರಾನ್ ವಾದ. ತೀರ್ಪು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಹೊಯ್ದಾಡಿತು. ಆಟಗಾರರು ಮ್ಯಾಟ್ ಮೇಲೇ ಕುಂತುಬಿಟ್ಟರು. ಒಂದು ತಾಸಿನ ಹತ್ತಿರ ಪಂದ್ಯ ನಿಂತು, ಕೊನೆಗೆ ತೀರ್ಪು ಭಾರತದ ಕಡೆ ಬಿತ್ತು. 33-29ರಿಂದ ಚಿನ್ನ ನಮಗೇ ಬಂತು.

ಅಲ್ಲಿ ಕಣ್ಣಿನ ತಪ್ಪು ಇರಲಿಲ್ಲ. ಯಾರು ಎಲ್ಲಿ ಕಾಲಿಟ್ಟರು ಅಂತ ಕ್ಯಾಮೆರಾ ತೋರಿಸ್ತಿತ್ತು. ಯಾವ ಪುಸ್ತಕದ ನಿಯಮ ನಡೆಯಬೇಕು ಅನ್ನೋದೇ ಜಗಳ. ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಆಡೋ ಹುಡುಗರೂ ಇದೇ ಇಕ್ಕಟ್ಟಿನಲ್ಲಿದ್ದಾರೆ. ಟಿವಿಯಲ್ಲಿ ಪ್ರೊ ಕಬಡ್ಡಿ ನೋಡಿ ಬಂದವನು ಒಂದು ನಿಯಮ ಹೇಳ್ತಾನೆ, ಕಾಲೇಜು ತಂಡದಲ್ಲಿ ಆಡಿದವನು ಇನ್ನೊಂದು ಹೇಳ್ತಾನೆ, ಊರಿನ ಹಿರೇ ಆಟಗಾರರು ತಮ್ಮ ಕಾಲದ್ದು ಹೇಳ್ತಾರೆ. ಟಿವಿಯಲ್ಲಿ ರಿವ್ಯೂ ಕೇಳಿದಂಗೆ ಇಲ್ಲೂ ಮೊಬೈಲ್ ವಿಡಿಯೋ ತೋರಿಸೋಕೆ ಬರ್ತಾರೆ. ಗೆರೆಗೆ ಅಡ್ಡಡ್ಡವಾಗಿ, ಮಂದಿ ಹೆಗಲ ಮೇಲಿಂದ ತೆಗೆದ ವಿಡಿಯೋದಲ್ಲಿ ಕಾಲು ಒಳಗಿದ್ದರೂ ಹೊರಗೆ ಕಾಣಬಹುದು. ಅದನ್ನ ನಂಬಿ ತೀರ್ಪು ತಿರುಗಿಸೋದು ಅಪಾಯ ಅಂತಲೇ ನನ್ನ ಅನಿಸಿಕೆ.

ಕೂಗಾಟದಿಂದ ಲಾಭ ಯಾರಿಗೆ?

ಇಂಗ್ಲೆಂಡಿನ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ, ಫುಟ್‌ಬಾಲ್‌ದು. ಒಂದು ಪಂದ್ಯದ 47 ಟ್ಯಾಕಲ್‌ಗಳನ್ನ 40 ರೆಫರಿಗಳಿಗೆ ವಿಡಿಯೋದಲ್ಲಿ ತೋರಿಸಿದರು. ಕೆಲವರಿಗೆ ಜನರ ಕೂಗಿನ ಸಮೇತ, ಕೆಲವರಿಗೆ ಶಬ್ದ ಇಲ್ಲದೆ. ಕೂಗು ಕೇಳಿಸಿಕೊಂಡ ರೆಫರಿಗಳು ತವರು ತಂಡದ ಮೇಲೆ ಊದಿದ ಫೌಲ್ ಶೇ 15ರಷ್ಟು ಕಡಿಮೆ. ಅವರಿಗೆ ಯಾರೂ ರೊಕ್ಕ ಕೊಟ್ಟಿರಲಿಲ್ಲ, ಬರೀ ಶಬ್ದ. ಪಕ್ಕದೂರಿನ ತಂಡದವರು ಇಲ್ಲಿ ನಮಗೆ ನ್ಯಾಯ ಸಿಗಲ್ಲ ಅಂದಾಗ ಅದರಲ್ಲಿ ಸ್ವಲ್ಪ ಹುರುಳು ಇರುತ್ತದೆ ಅಂತಾಯ್ತು. ಎರಡೂ ಊರಿಗೆ ಸಂಬಂಧ ಇಲ್ಲದ ಕಡೆಯಿಂದ ಅಂಪೈರ್ ಕರೆಸಿದರೂ ಶಬ್ದದ ಪರಿಣಾಮ ಪೂರ್ತಿ ಹೋಗೋದಿಲ್ಲ. ಆದರೆ ನಿಮ್ಮೂರವನು ಅನ್ನೋ ಮಾತಿಗೆ ಜಾಗ ಇರೋದಿಲ್ಲ.

ಪಂದ್ಯಾವಳಿ ಮಾಡೋ ಹುಡುಗರಿಗೆ, ಪಟ್ಟಿ ಕೊಡೋ ಅಂಗಡಿಯವರಿಗೆ ಕೆಲವು ಮಾತು. ರೊಕ್ಕ ಕೊಡುವಾಗಲೇ ಅಂಪೈರ್ ಎಷ್ಟು ಜನ, ಎಲ್ಲಿಂದ ಬರ್ತಾರೆ, ಅವರಿಗೆ ಗೌರವಧನ ಎಷ್ಟು ಇಟ್ಟಿದ್ದೀರಿ ಅಂತ ಕೇಳ್ರಿ. ಪೆಂಡಾಲು, ಡಿಜೆಗೆ ಹೋಗೋ ರೊಕ್ಕದಲ್ಲಿ ಸ್ವಲ್ಪ ಕಡಿಮೆ ಮಾಡಿದರೆ ಇಬ್ಬರು ಅಂಪೈರ್, ಒಬ್ಬ ರೆಫರಿಗೆ ಸಾಕಾಗುತ್ತದೆ. ಯಾವ ನಿಯಮದ ಮೇಲೆ ಆಟ ಅನ್ನೋದು, ಲಾಬಿ ವಿಷಯ ಸೇರಿ, ಮೊದಲ ಪಂದ್ಯಕ್ಕಿಂತ ಮುಂಚೆ ಎಲ್ಲ ನಾಯಕರನ್ನ ಕೂಡಿಸಿ ಹೇಳಿ ಸಹಿ ಹಾಕಿಸಿಕೊಳ್ಳಬೇಕು. ಮೈದಾನದಲ್ಲಿ ಅಂಪೈರ್ ಜೊತೆ ನಾಯಕ ಒಬ್ಬನೇ ಮಾತಾಡಬೇಕು. ಉಳಿದ ಆರು ಜನ, ಅವರ ಕಾಕಾ, ಮಾಮಾ ಯಾರೂ ಒಳಗೆ ಬರಬಾರದು.

ಇನ್ನೊಂದು ಸಣ್ಣ ವಿಷಯ, ಯಾರೂ ಲಕ್ಷ್ಯ ಕೊಡೋದಿಲ್ಲ. ನಮ್ಮಲ್ಲಿ ಆಟ ಮಣ್ಣಿನ ಮೇಲೆ, ಗೆರೆ ಸುಣ್ಣದ್ದು. ನಿಯಮದಲ್ಲಿ ಗೆರೆ 3ರಿಂದ 5 ಸೆಂಟಿಮೀಟರ್ ಅಗಲ ಇರಬೇಕು. ಮೊದಲರ್ಧ ಮುಗಿಯೋ ಹೊತ್ತಿಗೆ ಕಾಲಿಗೆ ಸಿಕ್ಕು ಅದು ಒಂದು ಗೇಣು ಹರಡಿರುತ್ತದೆ, ಇಲ್ಲ ಪೂರ್ತಿ ಅಳಿಸಿ ಹೋಗಿರುತ್ತದೆ. ಆಮೇಲೆ ಕಾಲು ಒಳಗಿತ್ತಾ ಹೊರಗಿತ್ತಾ ಅಂದರೆ ಅಂಪೈರ್ ಏನು ಹೇಳಬೇಕು? ಎರಡು ಅರ್ಧದ ನಡುವೆ 5 ನಿಮಿಷ ವಿರಾಮ ಇರುತ್ತದೆ. ಹಗ್ಗ ಹಿಡಿದು ಸುಣ್ಣ ಎಳೆಯೋಕೆ ಇಬ್ಬರು ಹುಡುಗರಿಗೆ ಅಷ್ಟು ಹೊತ್ತು ಸಾಕು.