ಶಂಖ ನಡೆದಾಡಿದ ರಾತ್ರಿ

‘ಅಜ್ಜಿ, ನನಗೊಂದು ದೊಡ್ಡ ಶಂಖ ತಾ. ಕಿವಿಗಿಟ್ಟುಕೊಂಡರೆ ಸಮುದ್ರ ಕೇಳಿಸಬೇಕು!’

ನಾವು ಅಂಡಮಾನಿಗೆ ಹೊರಟಾಗ ಆರು ವರ್ಷದ ಮೊಮ್ಮಗ ಇಟ್ಟ ಬೇಡಿಕೆ ಇದೊಂದೇ. ‘ಆಗಲಿ ಪುಟ್ಟಾ’ ಎಂದು ಮಾತು ಕೊಟ್ಟುಬಿಟ್ಟೆ.

ಮದುವೆಯಾಗಿ 35 ವರ್ಷಗಳಾದರೂ ನಾವಿಬ್ಬರೇ ಹೊರಟ ಪ್ರವಾಸ ಇದೇ ಮೊದಲು. ಮಕ್ಕಳ ಓದು, ಅತ್ತೆಯವರ ಕಾಯಿಲೆ, ಮನೆ ಸಾಲ... ಪ್ರತಿ ವರ್ಷವೂ ಒಂದೊಂದು ಕಾರಣ. ಯಜಮಾನರು ಮೇಷ್ಟ್ರ ಕೆಲಸದಿಂದ ನಿವೃತ್ತರಾದ ಮೇಲೆ ಮಕ್ಕಳೇ ಟಿಕೆಟ್ ತೆಗೆದು ಕೈಗಿಟ್ಟರು. ದಾವಣಗೆರೆಯಲ್ಲೇ ಬೆಳೆದ ನನಗೆ ಸಮುದ್ರವೆಂದರೆ ಒಮ್ಮೆ ಗೋಕರ್ಣದಲ್ಲಿ ಕಾಲು ತೋಯಿಸಿಕೊಂಡಿದ್ದು, ಅಷ್ಟೇ.

ಬೆಂಗಳೂರಿನಿಂದ ಪೋರ್ಟ್ ಬ್ಲೇರ್‌ಗೆ ವಿಮಾನದಲ್ಲಿ ಸುಮಾರು ಎರಡೂವರೆ ಗಂಟೆ. ಈ ಊರಿಗೆ 2024ರಿಂದ ಶ್ರೀ ವಿಜಯಪುರಂ ಎಂಬ ಹೊಸ ಹೆಸರು. ಕಿಟಕಿಯಿಂದ ನೋಡಿದರೆ ನೀಲಿ ಸೀರೆಯ ಮೇಲೆ ಹಸಿರು ಬುಟ್ಟಾ ಹಾಕಿದಂತೆ ದ್ವೀಪಗಳು. ಅಂಡಮಾನ್ ನಿಕೋಬಾರ್‌ನಲ್ಲಿ 500ಕ್ಕೂ ಹೆಚ್ಚು ದ್ವೀಪಗಳಿದ್ದರೂ ಜನವಸತಿ ಇರುವುದು 40ಕ್ಕಿಂತ ಕಡಿಮೆ ದ್ವೀಪಗಳಲ್ಲಿ.

ಮೊದಲ ದಿನ ಸೆಲ್ಯುಲರ್ ಜೈಲು ನೋಡಿದೆವು. 1906ರಲ್ಲಿ ಕಟ್ಟಿ ಮುಗಿಸಿದ ಈ ಸೆರೆಮನೆಗೆ ಆಗ ಏಳು ಸಾಲುಗಳಿದ್ದವು. ಈಗ ಉಳಿದಿರುವುದು ಮೂರು. ಒಬ್ಬ ಕೈದಿಗೆ ಒಂದು ಕೋಣೆ, ಎತ್ತರದಲ್ಲೊಂದು ಕಿಂಡಿ. ಒಂದು ಸಾಲಿನ ಮುಂಭಾಗಕ್ಕೆ ಇನ್ನೊಂದು ಸಾಲಿನ ಬೆನ್ನು. ಕೈದಿಗಳು ಒಬ್ಬರ ಮುಖ ಒಬ್ಬರು ನೋಡುವಂತೆಯೂ ಇರಲಿಲ್ಲ. ಇಷ್ಟು ವರ್ಷ ಇತಿಹಾಸ ಪಾಠ ಮಾಡಿದ ಯಜಮಾನರು ಕೋಣೆಯೊಳಗೆ ನಿಂತು, ‘ಪುಸ್ತಕದಲ್ಲಿ ಇದು ಒಂದು ಪ್ಯಾರಾ ಆಗಿತ್ತು ಕಣೇ’ ಎಂದರು. ಸಂಜೆಯವರೆಗೂ ಹೆಚ್ಚು ಮಾತಾಡಲಿಲ್ಲ.

ಮರುದಿನ ಹಡಗಿನಲ್ಲಿ ಒಂದೂವರೆ ಗಂಟೆ ಸಾಗಿ ಸ್ವರಾಜ್ ದ್ವೀಪ ತಲುಪಿದೆವು. 2018ರವರೆಗೆ ಇದು ಹ್ಯಾವ್‌ಲಾಕ್. ಇಳಿದ ಕೂಡಲೇ ಕಂಡ ಫಲಕವನ್ನು ಯಜಮಾನರು ತರಗತಿಯಲ್ಲಿ ಓದುವಂತೆ ಗಟ್ಟಿಯಾಗಿ ಓದಿದರು: ಹವಳ, ಚಿಪ್ಪು, ಶಂಖ ಯಾವುದನ್ನೂ ಒಯ್ಯುವಂತಿಲ್ಲ. ನಾನು ಕೇಳಿಸದವಳಂತೆ ಮುಂದೆ ನಡೆದೆ.

2004ರಲ್ಲಿ ‘ಟೈಮ್’ ಪತ್ರಿಕೆ ಏಷ್ಯಾದಲ್ಲೇ ಅತ್ಯುತ್ತಮ ಎಂದು ಹೊಗಳಿದ ರಾಧಾನಗರ ಕಡಲತೀರ ಇಲ್ಲಿದೆ. ಹಿಂದೆ ದಟ್ಟ ಕಾಡು, ಮುಂದೆ ಹಿಟ್ಟಿನಂಥ ಬಿಳಿ ಮರಳು. ಫೆಬ್ರುವರಿಯ ಆ ದಿನ ಸಂಜೆ ಐದೂವರೆಗೆಲ್ಲ ಸೂರ್ಯ ಮುಳುಗಿಬಿಟ್ಟ! ದ್ವೀಪ ಅಷ್ಟು ಪೂರ್ವಕ್ಕಿದ್ದರೂ ಗಡಿಯಾರ ಮಾತ್ರ ನಮ್ಮದೇ ಅಲ್ಲವೇ?

ಬೆಳಕೂ ಅಲ್ಲಿ ಬೇಗ ಹರಿಯುತ್ತದೆ. ಮರುದಿನ ಸೂರ್ಯೋದಯಕ್ಕೆ ನಮ್ಮ ವಸತಿಗೃಹದ ಹತ್ತಿರವೇ ಇದ್ದ ಕಾಲಾಪತ್ಥರ್ ತೀರಕ್ಕೆ ಹೋದೆವು. ಯಜಮಾನರು ಫೋಟೊ ತೆಗೆಯುತ್ತಿದ್ದಾಗ ನನ್ನ ಕಾಲ ಬಳಿಯೇ ಮುಷ್ಟಿಗಾತ್ರದ ಶಂಖ ಕಂಡಿತು. ಸುತ್ತ ನೋಡಿದೆ. ಮೊಮ್ಮಗನ ಮುಖ ನೆನಪಾಯಿತು. ಮೆಲ್ಲಗೆ ಎತ್ತಿ ಸೆರಗಿನಲ್ಲಿ ಮುಚ್ಚಿಕೊಂಡು ಬಂದು, ಬ್ಯಾಗಿನ ತಳಕ್ಕೆ ಸೇರಿಸಿದೆ. ಇವರಿಗೆ ಹೇಳಲಿಲ್ಲ.

ಅಂದು ರಾತ್ರಿ ಕರಕರ ಸದ್ದು.

‘ಏನೇ ಅದು?’

‘ಇಲಿ ಇರಬೇಕು ರೀ, ಮಲಗಿ.’

ಸದ್ದು ನಿಲ್ಲಲಿಲ್ಲ. ಇವರು ಎದ್ದು ದೀಪ ಹಾಕಿದರು. ಜಿಪ್ ಎಳೆಯದೆ ಬಿಟ್ಟಿದ್ದ ಬ್ಯಾಗಿನಿಂದ ಹೊರಬಿದ್ದ ನನ್ನ ಶಂಖ, ನೆಲದ ಮೇಲೆ ನಡೆದುಕೊಂಡು ಬಾಗಿಲ ಕಡೆ ಹೊರಟಿತ್ತು! ಕೆಳಗಿನಿಂದ ಕೆಂಪು ಕಾಲುಗಳು ಇಣುಕುತ್ತಿದ್ದವು.

ನಾನು ಕಿರುಚಿ ಮಂಚವೇರಿದೆ. ಇವರು ಬಗ್ಗಿ ನೋಡಿ, ‘ಸನ್ಯಾಸಿ ಏಡಿ’ ಎಂದರು. ಆಮೇಲೆ ನನ್ನನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡೆ. ‘ಪಾಪ, ಅದರ ಮನೆ ಅದು. ನಡಿ, ಬಿಟ್ಟು ಬರೋಣ’ ಎಂದರಷ್ಟೇ. ಬೈದಿದ್ದರೇ ವಾಸಿಯಿತ್ತು.

ಟವೆಲಿನಲ್ಲಿ ಏಡಿ, ಇನ್ನೊಂದು ಕೈಯಲ್ಲಿ ಮೊಬೈಲ್ ಬೆಳಕು. ನನ್ನ ಕಾಲು ಎಡವಿದಾಗ ಇವರು ಮೊಬೈಲನ್ನು ನನಗೆ ಕೊಟ್ಟು, ಕೈ ಹಿಡಿದುಕೊಂಡರು. ನಮ್ಮೂರ ಬೀದಿಯಲ್ಲಿ ಎಂದೂ ಹೀಗೆ ನಡೆದವರಲ್ಲ ನಾವು. ಮರಳಿನ ಮೇಲಿಟ್ಟ ಏಡಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಮೆಲ್ಲಗೆ ಕಾಲು ಚಾಚಿ ಪೊದೆಯ ಕಡೆ ಹೊರಟುಹೋಯಿತು. ‘ನಿಮಗೆ ಹೇಳಬೇಕಿತ್ತು’ ಎಂದೆ. ‘ಹೂಂ’ ಎಂದರು. ಕೈ ಬಿಡಲಿಲ್ಲ.

ಸನ್ಯಾಸಿ ಏಡಿಯ ಹೊಟ್ಟೆಯ ಭಾಗಕ್ಕೆ ಗಟ್ಟಿ ಕವಚವಿಲ್ಲ ಎಂದು ಬೆಳಿಗ್ಗೆ ಇವರೇ ವಿವರಿಸಿದರು. ಅದಕ್ಕೇ ಬಸವನಹುಳುಗಳು ಸತ್ತಮೇಲೆ ಉಳಿದ ಚಿಪ್ಪಿನೊಳಗೆ ಅದು ಸೇರಿಕೊಳ್ಳುತ್ತದೆ. ದೊಡ್ಡದಾದಂತೆ ಇನ್ನೂ ದೊಡ್ಡ ಚಿಪ್ಪು ಹುಡುಕಬೇಕು. ಸಿಗದಿದ್ದರೆ ಪ್ಲಾಸ್ಟಿಕ್ ಮುಚ್ಚಳವನ್ನೇ ಹೊತ್ತು ತಿರುಗುವುದೂ ಉಂಟು. ಅಂದರೆ ನಾವು ‘ಖಾಲಿ’ ಎಂದು ಆರಿಸಿಕೊಳ್ಳುವ ಚಿಪ್ಪೂ ಯಾರದೋ ನಾಳೆಯ ಮನೆ.

ವಾಪಸಾಗುವಾಗ ವಿಮಾನ ನಿಲ್ದಾಣದಲ್ಲಿ ಬ್ಯಾಗ್ ತಪಾಸಣೆಗೆ ಹೋಯಿತು. ನನ್ನ ಎದೆ ಡವಗುಟ್ಟಲಿಲ್ಲ.

ಮನೆಗೆ ಬಂದೊಡನೆ ಮೊಮ್ಮಗ ಕೈಚಾಚಿದ. ಇವರು ಮೊಬೈಲಿನಲ್ಲಿ ತುಂಬಿಕೊಂಡು ಬಂದಿದ್ದ ಅಲೆಗಳ ಸದ್ದನ್ನು ಅವನ ಕಿವಿಗೆ ಹಿಡಿದರು. ನಾನು ಶಂಖ ನಡೆದ ಕತೆಯನ್ನು ನನ್ನ ತಪ್ಪನ್ನೂ ಸೇರಿಸಿ ಹೇಳಿದೆ.

ಅವನು ಕಣ್ಣರಳಿಸಿ ಕೇಳಿ, ಕೊನೆಗೆ ಒಂದೇ ಪ್ರಶ್ನೆ ಹಾಕಿದ: ‘ಅಜ್ಜಿ, ರಾತ್ರಿ ಕತ್ತಲಲ್ಲಿ ಅದಕ್ಕೆ ದಾರಿ ಗೊತ್ತಾಯ್ತಾ?’

‘ಗೊತ್ತಾಯ್ತು ಪುಟ್ಟಾ. ತಾತ ಬೆಳಕು ಹಿಡಿದಿದ್ದರು’ ಎಂದೆ.