ವಿದ್ಯುತ್ ತಂತಿಯ ಎರಡನೆಯ ಕೆಲಸ

ಹೆಬ್ಬಾಳದ ಸಮೀಪದ ಕೆಂಪಾಪುರದಂತಹ ಬಡಾವಣೆಯಲ್ಲಿ ಮೂರು ನಾಲ್ಕು ಅಂತಸ್ತಿನ ಮನೆಗಳು ಒತ್ತೊತ್ತಾಗಿ ನಿಂತಿವೆ. ನೆಲ ಅಂತಸ್ತಿನ ವೈಫೈ ರೌಟರಿನಿಂದ ಹೊರಟ ಅಲೆಗಳು ಕಬ್ಬಿಣದ ಸರಳುಗಳನ್ನೊಳಗೊಂಡ ಕಾಂಕ್ರೀಟನ್ನು ದಾಟುವಷ್ಟರಲ್ಲಿ ಬಹಳ ಕುಂದುತ್ತವೆ. ಮಹಡಿಯಲ್ಲಿ ಓದುವ ವಿದ್ಯಾರ್ಥಿಗೆ ಪಾಠವು ನಡುನಡುವೆ ಕಡಿದುಹೋಗುತ್ತದೆ. ಹೊಸ ತಂತಿಗಾಗಿ ಗೋಡೆ ಕೊರೆಯಲು ಬಾಡಿಗೆಯ ಮನೆಯಲ್ಲಿ ಒಪ್ಪಿಗೆ ದೊರೆಯುವುದು ಕಷ್ಟ. ಆದರೆ ಗೋಡೆಯೊಳಗೆ ದೀಪ ಬೆಳಗುವ ತಂತಿ ಆಗಲೇ ಇದೆಯಲ್ಲವೆ? ಅದೇ ಸುದ್ದಿಯನ್ನೂ ಒಯ್ಯಲಾರದೆ?

ಒಯ್ಯಬಲ್ಲದು. ಸಂಗೀತ ಕಚೇರಿಯಲ್ಲಿ ಮೃದಂಗದ ನಾದವೂ ಕೊಳಲಿನ ನಾದವೂ ಒಂದೇ ಗಾಳಿಯಲ್ಲಿ ಸಾಗಿ ಬರುತ್ತವೆ. ಆದರೂ ನಮ್ಮ ಕಿವಿ ಅವನ್ನು ಪ್ರತ್ಯೇಕವಾಗಿ ಗುರುತಿಸುತ್ತದೆ. ತಂತಿಯಲ್ಲಿ ನಡೆಯುವುದೂ ಇಂಥದೇ. ನಮ್ಮ ಮನೆಗಳ 230 ವೋಲ್ಟ್ ವಿದ್ಯುತ್ತು ಸೆಕೆಂಡಿಗೆ 50 ಸಲ ಆವರ್ತಿಸುತ್ತದೆ. ಪವರ್‌ಲೈನ್ ಅಡಾಪ್ಟರ್ ಎಂಬ ಉಪಕರಣವು ಅದರ ಮೇಲೆ ಸೆಕೆಂಡಿಗೆ ಸುಮಾರು 20 ಲಕ್ಷಕ್ಕೂ ಮಿಗಿಲಾಗಿ ಆವರ್ತಿಸುವ ಕ್ಷೀಣ ಸಂಕೇತಗಳನ್ನು ಹೇರುತ್ತದೆ. ಎರಡಕ್ಕೂ ಅಂತರ 40,000 ಪಟ್ಟು! ಆದುದರಿಂದ ಮತ್ತೊಂದು ತುದಿಯಲ್ಲಿ ಅವನ್ನು ಬೇರ್ಪಡಿಸುವುದು ಸುಲಭ.

ಈ ಉಪಾಯ ಹೊಸದಲ್ಲ. 1910ರಲ್ಲಿಯೇ ಅಮೆರಿಕದ ಸೇನಾಧಿಕಾರಿ ಜಾರ್ಜ್ ಸ್ಕ್ವೈಯರ್ ಒಂದೇ ತಂತಿಯಲ್ಲಿ ಹಲವು ದೂರವಾಣಿ ಸಂಭಾಷಣೆಗಳನ್ನು ಸಾಗಿಸಿ ತೋರಿಸಿದರು. ವಿದ್ಯುತ್ ಉಪಕೇಂದ್ರಗಳಲ್ಲಿ ಪೀಪಾಯಿಯಂತೆ ಕಾಣುವ ‘ವೇವ್ ಟ್ರ್ಯಾಪ್’ ಸುರುಳಿಗಳನ್ನು ವಾಚಕರು ನೋಡಿರಬಹುದು. ಪ್ರಸರಣ ತಂತಿಯ ಮೇಲೆ ಬರುವ ಸಂಕೇತಗಳು ಉಪಕೇಂದ್ರದ ಯಂತ್ರಗಳತ್ತ ಹರಿದು ನಷ್ಟವಾಗದಂತೆ ತಡೆಯುವುದು ಅವುಗಳ ಕೆಲಸ. ಗೃಹೋಪಯೋಗಿ ಪವರ್‌ಲೈನ್ ಸಂಪರ್ಕಕ್ಕೆ 2010ರಲ್ಲಿ ಐಇಇಇ 1901 ಎಂಬ ಮಾನಕವು ರೂಪುಗೊಂಡಿತು.

ಇದನ್ನು ಅಳವಡಿಸುವ ಕ್ರಮ ಸರಳ. ಒಂದು ಅಡಾಪ್ಟರನ್ನು ರೌಟರಿನ ಬಳಿ ಸಾಕೆಟ್ಟಿಗೆ ಸಿಕ್ಕಿಸಿ ಈಥರ್ನೆಟ್ ತಂತಿಯಿಂದ ರೌಟರಿಗೆ ಜೋಡಿಸಬೇಕು. ಇನ್ನೊಂದನ್ನು ಮಹಡಿಯ ಸಾಕೆಟ್ಟಿಗೆ ಸಿಕ್ಕಿಸಿ ಗಣಕಕ್ಕೆ ಸೇರಿಸಬೇಕು. ಎರಡರ ಗುಂಡಿಗಳನ್ನೂ ಒತ್ತಿ ಜೋಡಿ ಮಾಡಿದರೆ ಸಂದೇಶಗಳು ಗೂಢಲಿಪಿಯಲ್ಲಿ ಸಾಗುತ್ತವೆ. ನೆರೆಮನೆಯ ತಂತಿಗೂ ಸಂಕೇತ ಹರಿಯಬಹುದಾದ್ದರಿಂದ ಈ ಎಚ್ಚರ ಅಗತ್ಯ.

ಅಡ್ಡಿಗಳೂ ಉಂಟು. ಮೂರು ಫೇಸಿನ ಮನೆಯಲ್ಲಿ ಎರಡು ಸಾಕೆಟ್ಟುಗಳು ಬೇರೆಬೇರೆ ಫೇಸಿಗೆ ಸೇರಿದ್ದರೆ ಸಂಕೇತ ಕ್ಷೀಣಿಸುತ್ತದೆ. ಕೆಲವೊಮ್ಮೆ ತಲುಪುವುದೇ ಇಲ್ಲ. ಯುಪಿಎಸ್ ಮತ್ತು ಸ್ಪೈಕ್ ಗಾರ್ಡುಗಳು ಅದನ್ನು ಹೀರಿಬಿಡಬಹುದು. ಮಿಕ್ಸಿಯ ಮೋಟಾರು, ಅಗ್ಗದ ಚಾರ್ಜರುಗಳು ಗದ್ದಲವೆಬ್ಬಿಸುತ್ತವೆ. ಆದಕಾರಣ ಪೆಟ್ಟಿಗೆಯ ಮೇಲೆ ಅಚ್ಚಾದ ವೇಗವು ಮನೆಯಲ್ಲಿ ದೊರೆಯದು. ಅಡಾಪ್ಟರನ್ನು ನೇರವಾಗಿ ಗೋಡೆಯ ಸಾಕೆಟ್ಟಿಗೇ ಸಿಕ್ಕಿಸಿ, ಫಲಿಸದಿದ್ದರೆ ಬೇರೊಂದು ಸಾಕೆಟ್ಟಿನಲ್ಲಿ ಪರೀಕ್ಷಿಸಬೇಕು. ಫೇಸುಗಳ ನಡುವೆ ಸುಮಾರು 400 ವೋಲ್ಟುಗಳಿರುತ್ತವೆ. ಅವನ್ನು ಬದಲಾಯಿಸಲು ವಿದ್ಯಾರ್ಥಿಗಳು ಎಂದಿಗೂ ಕೈಹಾಕಬಾರದು. ಅದು ಪರವಾನಗಿ ಪಡೆದ ವಿದ್ಯುತ್ ಕೆಲಸಗಾರನಿಗೆ ಸೇರಿದ್ದು.