ಇಡಿ ನೋಡುವ ಕಣ್ಣು, ಬಿಡಿ ನೋಡುವ ಯಂತ್ರ

ಭದ್ರಾವತಿ ಓಲ್ಡ್ ಟೌನ್‌ನ ಲಕ್ಷ್ಮೀನರಸಿಂಹ ದೇವಸ್ಥಾನದ ಅಂಗಳಕ್ಕೆ ಕಾಲಿಟ್ಟವರಿಗೆ ಮೊದಲು ಕಾಣುವುದು ಹೊಯ್ಸಳರ ಆ ತ್ರಿಕೂಟದ ಒಟ್ಟು ಆಕಾರ. ಗೋಡೆಯ ಮೂರ್ತಿಗಳ ಒಡವೆ, ಬೆರಳುಗಳತ್ತ ಕಣ್ಣು ಹೊರಳುವುದು ಆಮೇಲೆ. ಇಡಿ ಮೊದಲು, ಬಿಡಿ ನಂತರ. ಚಿತ್ರ ಗುರುತಿಸಲು ಕಲಿತ ಕಂಪ್ಯೂಟರು ಹೀಗೆ ನೋಡುವುದಿಲ್ಲ. ಇದನ್ನು ತೋರಿಸಿಕೊಟ್ಟದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಜನರ ಬಾಯಲ್ಲಿ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್.

ಅಲ್ಲಿನ ನರವಿಜ್ಞಾನ ಕೇಂದ್ರದಲ್ಲಿ ಪ್ರೊಫೆಸರ್ ಎಸ್.ಪಿ. ಅರುಣ್ ಅವರ ‘ವಿಷನ್ ಲ್ಯಾಬ್’ ಇದೆ. ಅವರ ಅಳತೆಯ ವಿಧಾನ ಬಹಳ ಸರಳ. ಪರದೆಯ ಮೇಲೆ ಒಂದೇ ಬಗೆಯ ಹಲವು ಆಕೃತಿಗಳು, ನಡುವೆ ಬೇರೆಯದೊಂದು. ಅದನ್ನು ಹುಡುಕಲು ಎಷ್ಟು ಹೊತ್ತು ಹಿಡಿಯಿತು ಎಂಬುದೇ ಲೆಕ್ಕ. ಥಟ್ಟನೆ ಸಿಕ್ಕರೆ ಆ ಎರಡು ಆಕೃತಿಗಳ ನಡುವೆ ನಮ್ಮ ನೋಟಕ್ಕೆ ಅಂತರ ಹೆಚ್ಚು, ತಡವಾದರೆ ಕಡಿಮೆ. ಚಿತ್ರ ಗುರುತಿಸಲು ಕಲಿಯುವ ಕಂಪ್ಯೂಟರ್ ವ್ಯವಸ್ಥೆಯಾದ ನ್ಯೂರಲ್ ನೆಟ್‌ವರ್ಕ್‌ನೊಳಗೂ ಇಂಥ ಅಂತರವನ್ನು ಲೆಕ್ಕ ಹಾಕಬಹುದು. ಹಾಗಾಗಿಯೇ ಮನುಷ್ಯನನ್ನೂ ಯಂತ್ರವನ್ನೂ ಹೋಲಿಸಲು ಸಾಧ್ಯವಾಯಿತು.

ಜಾರ್ಜಿನ್ ಜೇಕಬ್, ಆರ್.ಟಿ. ಪ್ರಮೋದ್, ಹರೀಶ್ ಕಟ್ಟಿ ಮತ್ತು ಅರುಣ್ ಈ ಹೋಲಿಕೆಯನ್ನು 2021ರಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರು ಯಂತ್ರದಲ್ಲಿ ಹುಡುಕಿದ ಗುಣಗಳಲ್ಲೊಂದು ಹಳೆಯ ಪ್ರಯೋಗವೊಂದರಿಂದ ಬಂದದ್ದು. 1980ರಲ್ಲಿ ಮನೋವಿಜ್ಞಾನಿ ಪೀಟರ್ ಥಾಂಪ್ಸನ್ ಅವರು ಬ್ರಿಟನ್ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಫೋಟೊದಲ್ಲಿ ಕಣ್ಣು, ಬಾಯಿಗಳನ್ನಷ್ಟೇ ತಲೆಕೆಳಗು ಮಾಡಿದ್ದರು. ನೆಟ್ಟಗೆ ಹಿಡಿದರೆ ಮುಖ ವಿಕಾರ. ಇಡೀ ಫೋಟೊವನ್ನೇ ತಿರುಗಿಸಿದರೆ ಆ ವಿಕಾರ ನಮ್ಮ ಕಣ್ಣಿಗೆ ಬೀಳುವುದೇ ಕಷ್ಟ. ಯಾರೂ ಹೇಳಿಕೊಡದಿದ್ದರೂ, ವಸ್ತುಗಳನ್ನು ಗುರುತಿಸುವ ತರಬೇತಿಯಿಂದಲೇ ಈ ಗುಣ ಯಂತ್ರಕ್ಕೂ ಬಂದಿತ್ತು.

ನನಗೆ ಇದಕ್ಕಿಂತ ಅಚ್ಚರಿಯೆನಿಸಿದ್ದು ಇಡಿ-ಬಿಡಿಯ ಫಲಿತಾಂಶ. ಏನನ್ನೂ ಕಲಿಯದ ನೆಟ್‌ವರ್ಕ್‌ನಲ್ಲಿ ಇಡಿಗೇ ಪ್ರಾಧಾನ್ಯವಿತ್ತು. ತರಬೇತಿ ಮುಗಿಯುವಷ್ಟರಲ್ಲಿ ಅದು ಹೋಗಿತ್ತು. ಅಂದರೆ ಕಲಿಕೆಯೇ ಅದನ್ನು ಕಳೆದುಹಾಕಿತ್ತು! ಒಂದರ ಹಿಂದೆ ಇನ್ನೊಂದು ಅರ್ಧ ಮರೆಯಾದಾಗ ಅದನ್ನು ಪೂರ್ತಿಯಾಗಿ ಗ್ರಹಿಸುವುದು, ಗೆರೆಗಳಲ್ಲಿ ಘನಾಕೃತಿಯನ್ನು ಕಾಣುವುದು, ನಮಗೆ ಸಹಜವಾದ ಇವೂ ಅದರಲ್ಲಿರಲಿಲ್ಲ.

ಎಕ್ಸ್‌-ರೇ ಓದಲು, ವಾಹನ ಓಡಿಸಲು ಇಂಥ ಯಂತ್ರಗಳನ್ನು ನೆಚ್ಚಿಕೊಳ್ಳುತ್ತಿರುವ ಕಾಲವಿದು. ಅವು ಎಷ್ಟು ಸಲ ಸರಿಯುತ್ತರ ಕೊಟ್ಟವು ಎಂಬುದಷ್ಟೇ ಸಾಲದು, ಹೇಗೆ ನೋಡಿ ಕೊಟ್ಟವು ಎಂಬುದೂ ತಿಳಿದಿರಬೇಕು. ವಿಜ್ಞಾನ ಓದುತ್ತಿರುವ ನಮ್ಮೂರಿನ ಮಕ್ಕಳು ಈ ಕ್ಷೇತ್ರದತ್ತ ಮನಸ್ಸು ಮಾಡಲಿ. ಸಂಸ್ಥೆ ವರ್ಷಕ್ಕೊಮ್ಮೆ ‘ಓಪನ್ ಡೇ’ ನಡೆಸಿ ಸಾರ್ವಜನಿಕರನ್ನು ಒಳಗೆ ಬಿಡುತ್ತದೆ. ಭದ್ರಾವತಿಯಿಂದ ಬೆಂಗಳೂರಿಗೆ ನೇರ ರೈಲಿದೆ. ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ ಬನ್ನಿ.